ಲೆಕ್ಕಕ್ಕೆ ಬಾರದ ಕನ್ನಡ

ಹೊರನಾಡ ಕನ್ನಡಿಗರ ಮನೆಗಳಲ್ಲಿ ಕನ್ನಡ ಉಳಿದಿದೆಯೇ ಎಂಬ ಪ್ರಶ್ನೆಗೆ ನಾವು ಸಾಮಾನ್ಯವಾಗಿ ಕೊಡುವ ಉತ್ತರ ಸಮಾಧಾನಕರವಾದದ್ದೇ. ಮಕ್ಕಳು ಅಜ್ಜ ಅಜ್ಜಿಯರೊಡನೆ ಕನ್ನಡದಲ್ಲಿ ಮಾತನಾಡುತ್ತಾರೆ, ದಾಸರ ಪದಗಳನ್ನು ಹಾಡುತ್ತಾರೆ, ರಾಜ್ಯೋತ್ಸವದ ವೇದಿಕೆಯಲ್ಲಿ ಕಂಠಪಾಠ ಮಾಡಿದ ಭಾಷಣವನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಇಷ್ಟಾದರೂ ಉಳಿಯಿತಲ್ಲ ಎಂದು ನಾವು ನಿಟ್ಟುಸಿರು ಬಿಡುತ್ತೇವೆ. ಆದರೆ ಅದೇ ಮಗುವಿಗೆ 'ಮೂವತ್ತಾರನ್ನು ಯಾವ ಯಾವ ಸಂಖ್ಯೆಗಳಿಂದ ಶೇಷವಿಲ್ಲದೆ ಭಾಗಿಸಬಹುದು?' ಎಂದು ಕನ್ನಡದಲ್ಲಿ ಕೇಳಿದರೆ ಅದು ತಬ್ಬಿಬ್ಬಾಗುತ್ತದೆ. ಪ್ರಶ್ನೆಯನ್ನು ಇಂಗ್ಲಿಷಿಗೋ ಮರಾಠಿಗೋ ತಿರುಗಿಸಿಕೊಂಡು, ಉತ್ತರವನ್ನೂ ಆ ಭಾಷೆಯಲ್ಲೇ ಹೇಳುತ್ತದೆ. ಹಬ್ಬ, ಅಡುಗೆ, ದೇವರು, ನೆಂಟಸ್ತಿಕೆ ಇವುಗಳಿಗೆ ಕನ್ನಡ. ಎಣಿಕೆಗೆ, ವಿವೇಚನೆಗೆ, 'ಏಕೆ' ಎಂಬ ಪ್ರಶ್ನೆಗೆ ಬೇರೆ ನುಡಿ. ಈ ವಿಭಜನೆಯನ್ನು ನಾವಾಗಿ ಯಾರೂ ನಿರ್ಧರಿಸಿ ಮಾಡಲಿಲ್ಲ. ಆದರೂ ಅದು ನಡೆದುಹೋಗಿದೆ; ಅದರ ಬಗ್ಗೆ ನಮ್ಮ ಸಂಘಸಂಸ್ಥೆಗಳಲ್ಲಿ ಚರ್ಚೆಯೂ ನಡೆಯುತ್ತಿಲ್ಲ.

ಯೋಚಿಸಲು ಬಳಸದ ಭಾಷೆ ಎರಡು ತಲೆಮಾರುಗಳಲ್ಲಿ ಬರಿಯ ಭಾವುಕತೆಯ ಭಾಷೆಯಾಗುತ್ತದೆ, ಮೂರನೆಯ ತಲೆಮಾರಿನಲ್ಲಿ ಅದೂ ಉಳಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದುದರಿಂದ ಕನ್ನಡವನ್ನು ಉಳಿಸಬೇಕೆನ್ನುವವರು ಕವಿತೆ ಕಥೆಗಳ ಜತೆಗೆ ಮಕ್ಕಳ ಲೆಕ್ಕದ ಪುಸ್ತಕವನ್ನೂ ಕೈಗೆತ್ತಿಕೊಳ್ಳಬೇಕು. ಅದರಲ್ಲಿಯೂ ಐದು ಆರನೆಯ ತರಗತಿಗಳಲ್ಲಿ ಬರುವ ಅಪವರ್ತನ, ಅಪವರ್ತ್ಯ, ಅವಿಭಾಜ್ಯ ಸಂಖ್ಯೆ, ಸಂಯುಕ್ತ ಸಂಖ್ಯೆಗಳ ಪಾಠವನ್ನು ಈ ಪ್ರಯತ್ನದ ಮೊದಲ ಮೆಟ್ಟಿಲಾಗಿ ಆರಿಸಿಕೊಳ್ಳಬಹುದು. ಅದಕ್ಕೆ ದೊಡ್ಡ ಸಲಕರಣೆ ಬೇಕಿಲ್ಲ. ತಂದೆ ತಾಯಿಗಳಿಗೆ ಉನ್ನತ ಗಣಿತದ ಜ್ಞಾನ ಬೇಕಿಲ್ಲ. ಮಗ್ಗಿ ಬಂದರೆ ಸಾಕು. ಗಣಿತದಲ್ಲಿ ಮಗು ಮೊದಲ ಬಾರಿಗೆ ಉತ್ತರದ ಆಚೆಗಿನ ಕಾರಣವನ್ನು ಹುಡುಕಬೇಕಾಗುವುದೂ ಈ ಪಾಠದಲ್ಲಿಯೇ.

ಈ ಪಾಠ ಶಾಲೆಗಳಲ್ಲಿ ಈಗ ಹೇಗೆ ನಡೆಯುತ್ತದೆಂಬುದನ್ನು ಮಕ್ಕಳನ್ನು ಓದಿಸುವ ಎಲ್ಲರೂ ಬಲ್ಲರು. '24ರ ಅಪವರ್ತನಗಳನ್ನು ಬರೆಯಿರಿ', '7ರ ಮೊದಲ ಹತ್ತು ಅಪವರ್ತ್ಯಗಳನ್ನು ಬರೆಯಿರಿ', '1ರಿಂದ 100ರ ವರೆಗಿನ ಅವಿಭಾಜ್ಯ ಸಂಖ್ಯೆಗಳಿಗೆ ಸುತ್ತು ಹಾಕಿರಿ' ಎಂಬ ಅಭ್ಯಾಸಗಳು ಪುಟಗಟ್ಟಲೆ ಇರುತ್ತವೆ. ಮಗು ಅವನ್ನೆಲ್ಲ ಮಾಡಿ ಮುಗಿಸುತ್ತದೆ, ಅಂಕಗಳೂ ಬರುತ್ತವೆ. ಆದರೆ 51, 57, 91 ಇವುಗಳನ್ನು ಎದುರಿಗಿಟ್ಟರೆ ಮೂರೂ ಅವಿಭಾಜ್ಯವೆಂದು ಹೇಳುವ ಮಕ್ಕಳೇ ಹೆಚ್ಚು. 51 ಎಂದರೆ 3ನ್ನು 17ರಿಂದ ಗುಣಿಸಿದ್ದು, 57 ಎಂದರೆ 3ನ್ನು 19ರಿಂದ ಗುಣಿಸಿದ್ದು, 91 ಎಂದರೆ 7ನ್ನು 13ರಿಂದ ಗುಣಿಸಿದ್ದು. ನಾವು ಕಲಿಯುವ ಮಗ್ಗಿಯ ಹತ್ತರ ಮಿತಿಯಲ್ಲಿ ಈ ಮೂರೂ ಸಾಧಾರಣವಾಗಿ ಕಾಣಿಸಿಕೊಳ್ಳುವುದಿಲ್ಲ. ಆದ್ದರಿಂದ ಮಗು ಅವನ್ನು 'ಒಡೆಯದ ಸಂಖ್ಯೆ' ಎಂದು ತಿಳಿಯುತ್ತದೆ. ಮಗುವಿಗೆ ಮಗ್ಗಿ ಬಂದಿದೆ. ಆದರೆ ಸಂಖ್ಯೆಯನ್ನು ಒಡೆದು ನೋಡುವ ಅಭ್ಯಾಸ ಬಂದಿಲ್ಲ.

ಇದರಂತೆಯೇ '1 ಏಕೆ ಅವಿಭಾಜ್ಯ ಸಂಖ್ಯೆಯಲ್ಲ?' ಎಂಬ ಪ್ರಶ್ನೆ. ಪುಸ್ತಕದಲ್ಲಿ ಹಾಗೆ ಬರೆದಿದೆ ಎಂಬುದೇ ಬಹುತೇಕ ಮಕ್ಕಳ ಉತ್ತರ. ಅವಿಭಾಜ್ಯ ಸಂಖ್ಯೆಗೆ ಸರಿಯಾಗಿ ಎರಡು ಅಪವರ್ತನಗಳಿರಬೇಕು, 1ಕ್ಕೆ ಇರುವುದು ಒಂದೇ ಎಂದು ಕೆಲವರು ಹೇಳಿಯಾರು, ಅದೂ ಸರಿಯೇ. ಆದರೆ ಗಣಿತಜ್ಞರು 1ನ್ನು ಹೊರಗಿಟ್ಟದ್ದಕ್ಕೆ ಇನ್ನೂ ಆಳವಾದ ಕಾರಣವಿದೆ. 12ನ್ನು ಅವಿಭಾಜ್ಯಗಳಾಗಿ ಒಡೆದರೆ 2, 2, 3 ಎಂಬ ಒಂದೇ ಉತ್ತರ ಬರುತ್ತದೆ. ಯಾರು ಒಡೆದರೂ, ಯಾವ ದಾರಿಯಿಂದ ಒಡೆದರೂ ಅದೇ ಮೂರು ಸಂಖ್ಯೆಗಳು. ಅಂಕಗಣಿತದ ಮೂಲಭೂತ ಪ್ರಮೇಯ ಎಂದು ಹತ್ತನೆಯ ತರಗತಿಯಲ್ಲಿ ಕಲಿಸುವುದು ಇದನ್ನೇ. 1ನ್ನು ಅವಿಭಾಜ್ಯವೆಂದು ಒಪ್ಪಿದರೆ ಅದನ್ನು ಬೇಕಾದಷ್ಟು ಸಲ ಸೇರಿಸುತ್ತ ಹೋಗಬಹುದು. 'ಒಂದೇ ಉತ್ತರ' ಎಂಬ ಮಾತು ಬಿದ್ದುಹೋಗುತ್ತದೆ. ಹನ್ನೊಂದು ವರ್ಷದ ಮಗುವಿಗೆ ಇದು ಅರ್ಥವಾಗದ ವಿಷಯವೇನಲ್ಲ. ಆದರೆ ಅದು ಅರ್ಥವಾಗಬೇಕಾದರೆ ಯಾರಾದರೂ ಅದರೊಡನೆ ಕುಳಿತು ಮಾತನಾಡಬೇಕು. ಮಾತನಾಡಲು ಭಾಷೆ ಬೇಕು. ಶಾಲೆಯಲ್ಲಿ ಅದಕ್ಕೆ ಸಮಯವಿಲ್ಲ. ಮನೆಯಲ್ಲಿ ಸಮಯವಿದ್ದರೂ ನಾವು ನಮ್ಮ ಭಾಷೆಯನ್ನು ಆ ಕೆಲಸಕ್ಕೆ ಹಚ್ಚಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಉರು ಹೊಡೆಯುವುದನ್ನು ಹಳಿಯುವುದು ಇಂದಿನ ಶಿಕ್ಷಣ ಚರ್ಚೆಯ ಒಂದು ಫ್ಯಾಷನ್ ಆಗಿದೆ. ನಾನು ಆ ಪಂಗಡಕ್ಕೆ ಸೇರಿದವನಲ್ಲ. 'ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಲ್ಕು' ಎಂದು ರಾಗವಾಗಿ ಹೇಳಿ ಕಲಿತ ತಲೆಮಾರು ಲೆಕ್ಕದಲ್ಲಿ ಹಿಂದೆ ಬಿದ್ದಿರಲಿಲ್ಲ. ಕಾಲು, ಅರೆ, ಮುಕ್ಕಾಲುಗಳಿಗೂ ಮಗ್ಗಿಯಿದ್ದ ಕಾಲವದು. ಮಗ್ಗಿ ಎಂದರೆ ಅಪವರ್ತ್ಯಗಳ ಪಟ್ಟಿಯೇ. ಅದನ್ನು ಹಿಂದಿನಿಂದ ಓದಿದರೆ ಅಪವರ್ತನಗಳು ಸಿಗುತ್ತವೆ. 'ಏಳಾರ್ಲೆ ನಲವತ್ತೆರಡು' ಎಂದು ಮಗು ಹೇಳಿದಾಗ, 'ಹಾಗಾದರೆ ನಲವತ್ತೆರಡು ಇನ್ನು ಯಾವ ಮಗ್ಗಿಯಲ್ಲಿ ಬರುತ್ತದೆ?' ಎಂದು ಕೇಳುವುದೊಂದೇ ನಾವು ಸೇರಿಸಬೇಕಾದ ಕೆಲಸ. ಉರು ಹೊಡೆದದ್ದು ಆಗ ವಿಚಾರಕ್ಕೆ ಕಚ್ಚಾ ಸಾಮಗ್ರಿಯಾಗುತ್ತದೆ.

ಇನ್ನು ಪಾರಿಭಾಷಿಕ ಪದಗಳ ವಿಷಯ. ನಮ್ಮ ಪಠ್ಯಪುಸ್ತಕಗಳ 'ಅಪವರ್ತನ', 'ಅಪವರ್ತ್ಯ' ಎಂಬ ಜೋಡಿ ಮಕ್ಕಳಿಗೆ ಕಷ್ಟಕೊಡುತ್ತದೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಅರ್ಥ ತೀರ ಬೇರೆ. ಉಚ್ಚಾರದಲ್ಲಿ ಮಾತ್ರ ಕೂದಲೆಳೆಯ ಅಂತರ. ಮ.ಸಾ.ಅ., ಲ.ಸಾ.ಅ. ಎಂಬ ಎರಡು ಸಂಕ್ಷೇಪಗಳ ಕೊನೆಯ 'ಅ'ಕಾರ ಒಂದರಲ್ಲಿ ಅಪವರ್ತನ, ಇನ್ನೊಂದರಲ್ಲಿ ಅಪವರ್ತ್ಯ ಎಂಬುದನ್ನು ಎಷ್ಟೋ ದೊಡ್ಡವರೂ ಮರೆತಿರುತ್ತಾರೆ. ಮನೆಯ ಮಾತಿನಲ್ಲಿ ಅಪವರ್ತನವನ್ನು 'ಒಡೆಯುವ ಸಂಖ್ಯೆ' ಎಂದೂ, ಅಪವರ್ತ್ಯವನ್ನು 'ಮಗ್ಗಿಯಲ್ಲಿ ಬರುವ ಸಂಖ್ಯೆ' ಎಂದೂ, ಅವಿಭಾಜ್ಯವನ್ನು 'ಒಡೆಯದ ಸಂಖ್ಯೆ' ಎಂದೂ ಹೇಳಿದರೆ ಯಾವ ಪಾಂಡಿತ್ಯಕ್ಕೂ ಕುಂದು ಬರುವುದಿಲ್ಲ. ಶಾಸ್ತ್ರೀಯ ಪದ ಆಮೇಲೆ ಬರಲಿ. ಸಮಕ್ಕೆ ಎದುರಾಗಿ 'ಬೆಸ' ಎಂಬ ಚಿಕ್ಕ ಚೊಕ್ಕ ಪದವನ್ನು ಕನ್ನಡ ಈಗಾಗಲೇ ಉಳಿಸಿಕೊಂಡಿದೆಯಲ್ಲ!

ಹೊರನಾಡಿನಲ್ಲಿರುವುದರಿಂದ ನಮಗೊಂದು ಅನುಕೂಲವಿದೆ. ಒಳನಾಡಿನ ಕನ್ನಡಿಗರಿಗೆ ಅದು ಅಷ್ಟು ಸುಲಭವಾಗಿ ಒದಗುವಂಥದ್ದಲ್ಲ. ನಮ್ಮ ಮಕ್ಕಳ ಕಿವಿಯ ಮೇಲೆ ಎರಡು ಮೂರು ಭಾಷೆಗಳು ಸದಾ ಬೀಳುತ್ತಿರುತ್ತವೆ. ಅವಿಭಾಜ್ಯ ಸಂಖ್ಯೆಯನ್ನು ಈ ಭಾಷೆಗಳು ಹೇಗೆ ಕರೆದಿವೆ ನೋಡಿ. ಮರಾಠಿ ಅದನ್ನು 'ಮೂಳ ಸಂಖ್ಯಾ' ಎನ್ನುತ್ತದೆ, ಅಂದರೆ ಮೂಲದಲ್ಲಿರುವ ಸಂಖ್ಯೆ. ಹಿಂದಿಯಲ್ಲಿ ಅದು 'ಅಭಾಜ್ಯ', ಭಾಗವಾಗದ್ದು. ತೆಲುಗಿನಲ್ಲಿ 'ಪ್ರಧಾನ ಸಂಖ್ಯ', ಮುಖ್ಯವಾದದ್ದು. ತಮಿಳಿನಲ್ಲಿ 'ಪಗಾ ಎಣ್', ಎಂದರೆ ಹಂಚಿಹೋಗದ ಎಣಿಕೆ. ನಮ್ಮ ಹಳಗನ್ನಡದ 'ಪಸುಗೆ' ಎಂಬ ಪದದ ನೆಂಟತನ ಅದರಲ್ಲಿ ಕಾಣುತ್ತದೆ. ಇಂಗ್ಲಿಷಿನ 'ಪ್ರೈಮ್' ಎಂಬುದಕ್ಕೆ ಮೊದಲನೆಯದು ಎಂಬ ಲ್ಯಾಟಿನ್ ಅರ್ಥವಿದೆ. ಒಂದು ಭಾಷೆ 'ಇದು ಒಡೆಯುವುದಿಲ್ಲ' ಎಂದು ಹೇಳಿದರೆ, ಇನ್ನೊಂದು 'ಉಳಿದವೆಲ್ಲ ಇದರಿಂದಲೇ ಹುಟ್ಟುತ್ತವೆ' ಎಂದು ಹೇಳುತ್ತದೆ. ಎರಡೂ ಸತ್ಯ, ಎರಡನ್ನೂ ಕೂಡಿಸಿದರೆ ಅವಿಭಾಜ್ಯ ಸಂಖ್ಯೆಯ ಪೂರ್ಣ ಕಲ್ಪನೆ ಮೂಡುತ್ತದೆ. ಪುಣೆಯ ಕನ್ನಡ ಮಗುವಿಗೆ 'ಮೂಳ' ಮತ್ತು 'ಅವಿಭಾಜ್ಯ' ಎರಡೂ ತಿಳಿದಿದ್ದರೆ ಅದು ಗೊಂದಲವಲ್ಲ, ಸಂಪತ್ತು. ಎರಡು ಭಾಷೆಗಳ ನಡುವೆ ಬದುಕುವ ನಾವು ಇದನ್ನು ಹೊರೆಯೆಂದು ಕಂಡದ್ದೇ ಹೆಚ್ಚು.

ಸಂಖ್ಯೆಗಳ ಹೆಸರಿನಲ್ಲಿಯೂ ಕನ್ನಡಕ್ಕೆ ಒಂದು ಗುಣವಿದೆ. 'ಮೂವತ್ತೇಳು' ಎಂದರೆ ಮೂವತ್ತು ಮತ್ತು ಏಳು. 'ಐವತ್ತೊಂಬತ್ತು' ಎಂದರೆ ಐವತ್ತು ಮತ್ತು ಒಂಬತ್ತು. ಹತ್ತರ ಸ್ಥಾನವೂ ಬಿಡಿಸ್ಥಾನವೂ ಕಿವಿಗೆ ನೇರವಾಗಿ ಕೇಳಿಸುತ್ತವೆ. ಹಿಂದಿಯಲ್ಲಿ 37 'ಸೈಂತೀಸ್', 59 'ಉನಸಠ್'. ಮರಾಠಿಯಲ್ಲಿ 59 'ಏಕೋಣಸಾಠ', ಅಂದರೆ ಅರವತ್ತಕ್ಕೆ ಒಂದು ಕಡಿಮೆ. ಆ ಭಾಷೆಗಳಲ್ಲಿ ನೂರರ ವರೆಗಿನ ಹೆಸರುಗಳನ್ನು ಬಹುಮಟ್ಟಿಗೆ ಬಿಡಿಬಿಡಿಯಾಗಿಯೇ ಕಲಿಯಬೇಕಾಗುತ್ತದೆ. ಇದರಿಂದ ಆ ಭಾಷೆಗಳಿಗೆ ಕೀಳರಿಮೆ ಬೇಕಾಗಿಲ್ಲ, ನಮಗೆ ಜಂಬವೂ ಬೇಕಾಗಿಲ್ಲ. ಆದರೆ ಅಂಕಿಗಳನ್ನು ಕೂಡಿಸಿ, ಮೊತ್ತ 3ರಿಂದ ಅಥವಾ 9ರಿಂದ ಭಾಗವಾಗುತ್ತದೆಯೇ ಎಂದು ಪರೀಕ್ಷಿಸುವ ಬಾಯಿಲೆಕ್ಕಕ್ಕೆ ಕನ್ನಡದ ಹೆಸರುಗಳು ಎಷ್ಟು ಒಗ್ಗುತ್ತವೆಂಬುದನ್ನು ಗಮನಿಸಬೇಕು. 'ಐವತ್ತೇಳು' ಎಂದೊಡನೆ ಐದು, ಏಳು, ಒಟ್ಟು ಹನ್ನೆರಡು, ಮೂರರಿಂದ ಒಡೆಯುತ್ತದೆ ಎಂದು ಮಗು ಕಿವಿಯಿಂದಲೇ ತಿಳಿಯಬಲ್ಲದು. ಇಂಥ ಸಾಧನ ಮನೆಯಲ್ಲೇ ಇರುವಾಗ ಅದನ್ನು ಉಪಯೋಗಿಸದಿರುವುದು ವಿವೇಕವಲ್ಲ.

ಗಣಿತವೆಂದರೆ ಪಶ್ಚಿಮದಿಂದ ಬಂದ ಶಾಲಾ ವಿಷಯ, ಕನ್ನಡವೆಂದರೆ ಸಾಹಿತ್ಯ ಎಂಬ ಕಲ್ಪನೆ ನಮ್ಮಲ್ಲಿ ಬೇರೂರಿದೆ. ಚರಿತ್ರೆ ಹಾಗೆ ಹೇಳುವುದಿಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಹೆಸರು ಕೇಳಿದೊಡನೆ ನಮಗೆ 'ಕವಿರಾಜಮಾರ್ಗ' ನೆನಪಾಗುತ್ತದೆ; ಆ ಗ್ರಂಥವನ್ನು ಹೆಸರಿಸದ ರಾಜ್ಯೋತ್ಸವ ಭಾಷಣವೇ ವಿರಳ. ಅದೇ ಅರಸನ ಆಶ್ರಯದ ಕಾಲದಲ್ಲಿ, ಸುಮಾರು ಕ್ರಿ.ಶ. 850ರ ಹೊತ್ತಿಗೆ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ರಚಿಸಿದ. ಗ್ರಂಥದ ಆರಂಭದಲ್ಲಿ ಅಮೋಘವರ್ಷನ ಪ್ರಶಂಸೆಯಿದೆ. ಭಿನ್ನರಾಶಿಗಳನ್ನು ಕೂಡಿಸುವಾಗ ಛೇದಗಳನ್ನು ಸಮಮಾಡಿಕೊಳ್ಳಲು 'ನಿರುದ್ಧ' ಎಂಬ ಹೆಸರಿನಲ್ಲಿ ಆತ ಕೊಟ್ಟ ವಿಧಾನವೇ ನಮ್ಮ ಮಕ್ಕಳು ಇಂದು ಲ.ಸಾ.ಅ. ಎಂದು ಕಲಿಯುತ್ತಿರುವುದು. ಆ ಗ್ರಂಥ ಸಂಸ್ಕೃತದಲ್ಲಿದೆ ಎಂಬುದು ನಿಜ. ಆದರೆ 12ನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ', 'ಕ್ಷೇತ್ರಗಣಿತ'ಗಳನ್ನು ಕನ್ನಡದಲ್ಲಿಯೇ ಬರೆದ. ಲೆಕ್ಕಶಾಸ್ತ್ರವನ್ನು ಕನ್ನಡದಲ್ಲಿ ಹೇಳಲು ಸಾಧ್ಯವೇ ಎಂಬ ಪ್ರಶ್ನೆಗೆ ಎಂಟುನೂರು ವರ್ಷಗಳ ಹಿಂದೆಯೇ ಉತ್ತರ ಸಿಕ್ಕಿಹೋಗಿದೆ.

ಮಹಾವೀರಾಚಾರ್ಯನು ಗಣಿತದ ಪ್ರಯೋಜನವನ್ನು ಹೇಳುವಾಗ ಸಂಗೀತ, ನಾಟ್ಯ, ಪಾಕಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸು ಇವೆಲ್ಲವನ್ನೂ ಪಟ್ಟಿಮಾಡುತ್ತಾನೆ. ಆ ಪಟ್ಟಿಯನ್ನು ಇಂದಿಗೂ ನಮ್ಮ ಮನೆಗಳಲ್ಲಿ ಪರೀಕ್ಷಿಸಬಹುದು. ಆದಿತಾಳದ ಆವರ್ತಕ್ಕೆ ಎಂಟು ಎಣಿಕೆ. ಐದೆಣಿಕೆಯ ಒಂದು ಸೊಲ್ಲನ್ನು ಮತ್ತೆ ಮತ್ತೆ ಹೇಳುತ್ತ ಹೋದರೆ ಅದು ಸಮಕ್ಕೆ ಬಂದು ಕೂಡುವುದು ನಲವತ್ತು ಎಣಿಕೆಗಳ ನಂತರ, ಐದು ಆವರ್ತಗಳಾದ ಮೇಲೆ. ಆರೆಣಿಕೆಯ ಸೊಲ್ಲಾದರೆ ಇಪ್ಪತ್ತನಾಲ್ಕಕ್ಕೇ, ಮೂರು ಆವರ್ತಗಳಲ್ಲೇ ಕೂಡಿಬಿಡುತ್ತದೆ. ಆರು ದೊಡ್ಡ ಸಂಖ್ಯೆಯಾದರೂ ಬೇಗ ಕೂಡುವುದೇಕೆ? ಆರಕ್ಕೂ ಎಂಟಕ್ಕೂ ಎರಡು ಎಂಬ ಸಾಮಾನ್ಯ ಅಪವರ್ತನವಿದೆ. ಐದಕ್ಕೂ ಎಂಟಕ್ಕೂ ಒಂದನ್ನು ಬಿಟ್ಟರೆ ಏನೂ ಇಲ್ಲ. ಲ.ಸಾ.ಅ. ಎಂಬುದರ ತಿರುಳನ್ನು ಇದಕ್ಕಿಂತ ಚೆನ್ನಾಗಿ ಯಾವ ಪಠ್ಯಪುಸ್ತಕ ಹೇಳೀತು?

ಯುಗಾದಿಯ ಪಂಚಾಂಗವನ್ನೇ ತೆಗೆದುಕೊಳ್ಳಿ. ಪ್ರಭವದಿಂದ ಅಕ್ಷಯದ ವರೆಗೆ ಸಂವತ್ಸರಗಳು ಅರವತ್ತು. ಗುರುಗ್ರಹ ರಾಶಿಚಕ್ರವನ್ನು ಸುತ್ತಲು ಸುಮಾರು 12 ವರ್ಷ, ಶನಿ ಸುತ್ತಲು ಸುಮಾರು 30 ವರ್ಷ. ಎರಡೂ ಒಟ್ಟಿಗೆ ಮೊದಲಿನ ಜಾಗಕ್ಕೆ ಹತ್ತಿರ ಬರಲು 60 ವರ್ಷ. ಹನ್ನೆರಡು ಮತ್ತು ಮೂವತ್ತರ ಲ.ಸಾ.ಅ. ಅದೇ. ಅಜ್ಜನ ಷಷ್ಟ್ಯಬ್ದಿಗೆ ಊರಿಗೆ ಹೋದ ಮೊಮ್ಮಗಳಿಗೆ ಇದನ್ನು ವಿವರಿಸುವುದು ಗಣಿತವೂ ಹೌದು, ಸಂಸ್ಕೃತಿಯೂ ಹೌದು. ಅಂಗಳವಿಲ್ಲದ ಫ್ಲ್ಯಾಟಿನ ಬಾಗಿಲಲ್ಲಿಯೂ ನಾವು ರಂಗೋಲಿ ಹಾಕುತ್ತೇವೆ. ಹನ್ನೆರಡು ಚುಕ್ಕಿಗಳನ್ನು ಎರಡು ಸಾಲು, ಮೂರು ಸಾಲು, ನಾಲ್ಕು ಸಾಲುಗಳಲ್ಲಿ ಸಮವಾಗಿ ಜೋಡಿಸಬಹುದು. ಹದಿಮೂರು ಚುಕ್ಕಿಗಳನ್ನು ಒಂದೇ ಉದ್ದ ಸಾಲಿನಲ್ಲಲ್ಲದೆ ಜೋಡಿಸಲಾಗದು. ಅವಿಭಾಜ್ಯ ಸಂಖ್ಯೆಯ ವ್ಯಾಖ್ಯೆಯನ್ನು ಮಗು ಕಣ್ಣಿನಿಂದಲೇ ಕಲಿಯಿತು.

ನಮ್ಮ ಹಿರಿಯರು ಈ ಅಭ್ಯಾಸವನ್ನು ಅಂಗಡಿಯಲ್ಲಿಯೇ ಮಾಡಿದರು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಒಟ್ಟು 192 ಪೈ. ಒಂದು ರೂಪಾಯಿಯನ್ನು ಮೂವರಿಗೆ ಹಂಚಿದರೆ ತಲೆಗೆ ಐದಾಣೆ ನಾಲ್ಕು ಪೈ, ಆರು ಮಂದಿಗೆ ಹಂಚಿದರೆ ಎರಡಾಣೆ ಎಂಟು ಪೈ, ಚೂರೂ ಉಳಿಯುತ್ತಿರಲಿಲ್ಲ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದ ಮೇಲೆ ರೂಪಾಯಿಗೆ ನೂರು ಪೈಸೆಯಾಯಿತು. ಮೂವರಿಗೆ ಹಂಚಿದರೆ ಒಂದು ಪೈಸೆ ಉಳಿದೇ ಉಳಿಯುತ್ತದೆ. 192ಕ್ಕೆ ಹದಿನಾಲ್ಕು ಅಪವರ್ತನಗಳು, 100ಕ್ಕೆ ಒಂಬತ್ತೇ. ದಶಮಾಂಶ ಪದ್ಧತಿಯಿಂದ ಲೆಕ್ಕ ಬರೆಯುವುದು ಸುಲಭವಾಯಿತೆಂಬುದರಲ್ಲಿ ಸಂಶಯವಿಲ್ಲ; ಹಳೆಯದಕ್ಕೆ ಮರಳಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಸಂಖ್ಯೆಯನ್ನು ದಿನನಿತ್ಯ ಒಡೆದು ನೋಡುವ ಅಭ್ಯಾಸವನ್ನು ಆ ಹಳೆಯ ನಾಣ್ಯಗಳು ತಾವಾಗಿಯೇ ಮಾಡಿಸುತ್ತಿದ್ದವು. ಈಗ ಆ ಕೆಲಸವನ್ನು ನಾವು ಬೇಕೆಂದೇ ಮಾಡಿಸಬೇಕಾಗಿದೆ.

ಸಂತೋಷದ ಸಂಗತಿಯೆಂದರೆ ಪಠ್ಯಪುಸ್ತಕ ರಚಿಸುವವರಿಗೂ ಈ ಅರಿವು ಮೂಡಿದಂತಿದೆ. 2024ರಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಆರನೆಯ ತರಗತಿಗೆ ಹೊರತಂದ 'ಗಣಿತ ಪ್ರಕಾಶ್' ಪುಸ್ತಕದಲ್ಲಿ ಅವಿಭಾಜ್ಯ ಸಂಖ್ಯೆಗಳ ಅಧ್ಯಾಯ ಆರಂಭವಾಗುವುದೇ 'ಇಡ್ಲಿ ವಡೆ' ಎಂಬ ಆಟದಿಂದ. ಮಕ್ಕಳು ವೃತ್ತಾಕಾರವಾಗಿ ಕುಳಿತು ಒಂದು, ಎರಡು ಎಂದು ಎಣಿಸುತ್ತ ಹೋಗಬೇಕು. ಮೂರರ ಅಪವರ್ತ್ಯ ಬಂದಾಗ 'ಇಡ್ಲಿ', ಐದರ ಅಪವರ್ತ್ಯ ಬಂದಾಗ 'ವಡೆ', ಎರಡೂ ಆದಾಗ 'ಇಡ್ಲಿ ವಡೆ' ಎನ್ನಬೇಕು. ಮೊದಲ 'ಇಡ್ಲಿ ವಡೆ' ಬರುವುದು ಹದಿನೈದಕ್ಕೆ. ಮುಂಬಯಿಗೆ ಉಡುಪಿ ಹೋಟೆಲಿನ ಮೂಲಕ ಇಡ್ಲಿ ವಡೆಯ ರುಚಿ ಹತ್ತಿಸಿದವರು ಯಾರ ಜನ? ಹಗಲೆಲ್ಲ ಅದೇ ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಲೆಕ್ಕ ಕಲಿತ ಹುಡುಗರು ಯಾರ ಜನ? ದಿಲ್ಲಿಯಲ್ಲಿ ಸಿದ್ಧವಾದ ಪುಸ್ತಕ ನಮ್ಮ ತಿಂಡಿಯ ಹೆಸರಿನಲ್ಲಿ ಲ.ಸಾ.ಅ. ಕಲಿಸುತ್ತಿರುವಾಗ, ನಮ್ಮ ಮನೆಯ ಮಕ್ಕಳು ಅದನ್ನು ಕನ್ನಡದಲ್ಲಿ ಆಡಲಾರರು ಎಂದರೆ ಅದು ನಗುವ ವಿಷಯವೂ ಅಲ್ಲ, ಸುಮ್ಮನಿರುವ ವಿಷಯವೂ ಅಲ್ಲ.

ನಾವು ನೆಲೆಸಿರುವ ನೆಲದಿಂದಲೂ ಕಲಿಯಬೇಕಾದದ್ದಿದೆ. 1905ರಲ್ಲಿ ಡಹಾಣೂವಿನಲ್ಲಿ ಹುಟ್ಟಿದ ದ. ರಾ. ಕಾಪ್ರೇಕರರು 1930ರಿಂದ 1962ರ ವರೆಗೆ ನಾಶಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಉಪಾಧ್ಯಾಯರಾಗಿದ್ದರು. ತಮ್ಮ ಅಂಕಿಗಳ ಮೊತ್ತದಿಂದಲೇ ಭಾಗವಾಗುವ ಸಂಖ್ಯೆಗಳನ್ನು ಅವರು 'ಹರ್ಷದ' ಸಂಖ್ಯೆಗಳೆಂದು ಕರೆದರು; ಸಂತೋಷ ಕೊಡುವಂಥವು ಎಂದರ್ಥ. 18ರ ಅಂಕಿಗಳ ಮೊತ್ತ 9, ಅದು 18ನ್ನು ಭಾಗಿಸುತ್ತದೆ. 24ರ ಮೊತ್ತ 6, ಅದೂ ಭಾಗಿಸುತ್ತದೆ. ಮತ್ತೊಂದು ಬಗೆಯ ಸಂಖ್ಯೆಗಳಿಗೆ ಅವರು 'ಡೆಮ್ಲೊ' ಎಂದು ಹೆಸರಿಟ್ಟದ್ದು, ಆ ಆಲೋಚನೆ ಹೊಳೆದ ರೈಲು ನಿಲ್ದಾಣದ ನೆನಪಿಗೆ. ಇಂದು ಸಾವಿರಾರು ಕನ್ನಡಿಗರು ಬೆಳಿಗ್ಗೆ ಲೋಕಲ್ ಹಿಡಿಯುವ ಡೊಂಬಿವಲಿಯೇ ಆ ನಿಲ್ದಾಣ. 121, 12321, 1234321 ಎಂಬ ಸುಂದರ ಸಂಖ್ಯೆಗಳು ಆ ಕುಟುಂಬಕ್ಕೆ ಸೇರಿದವು. 6174 ಎಂಬ ಅವರ ಸಂಖ್ಯೆಯ ಪವಾಡವನ್ನು ಯಾರು ಬೇಕಾದರೂ ನೋಡಬಹುದು: ಎಲ್ಲ ಅಂಕಿಗಳೂ ಒಂದೇ ಆಗಿರದ ಯಾವುದೇ ನಾಲ್ಕಂಕಿಯ ಸಂಖ್ಯೆಯನ್ನು ತೆಗೆದುಕೊಂಡು, ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದುದರಿಂದ ಏರಿಕೆಯ ಕ್ರಮದಲ್ಲಿ ಬರೆದುದನ್ನು ಕಳೆಯುತ್ತ ಹೋದರೆ ಏಳು ಹೆಜ್ಜೆಗಳೊಳಗೆ 6174 ಬಂದೇ ಬರುತ್ತದೆ. ಈ ಶಾಲಾಮಾಸ್ತರರ ಕೆಲಸವನ್ನು ಪಂಡಿತರು ಬಹುಕಾಲ ಲಘುವಾಗಿ ಕಂಡರು; 1975ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ ಬರೆದ ಮೇಲೆ ಅದು ಲೋಕಪ್ರಸಿದ್ಧವಾಯಿತು. ಸಂಖ್ಯೆಗಳಿಗೆ ತನ್ನ ಮಾತಿನಲ್ಲಿ ಹೆಸರಿಟ್ಟು ಅವುಗಳೊಡನೆ ಆಡುವ ಧೈರ್ಯ ಒಬ್ಬ ಶಾಲಾಮಾಸ್ತರರಿಗಿತ್ತು ಎಂಬುದನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು.

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ನಾನು ಬಲ್ಲೆ. ಮೊದಲನೆಯದು, ಮಕ್ಕಳು ಪರೀಕ್ಷೆ ಬರೆಯುವುದು ಇಂಗ್ಲಿಷಿನಲ್ಲಿ. ಎರಡು ಬಗೆಯ ಪದಗಳಿಂದ ಗೊಂದಲವಾಗುತ್ತದೆ ಎಂಬುದು. ಪದಗಳ ಪಟ್ಟಿಯನ್ನಷ್ಟೇ ಎರಡು ಸಲ ಬಾಯಿಪಾಠ ಮಾಡಿಸಿದರೆ ಗೊಂದಲವಾಗುವುದು ಖಂಡಿತ. ಆದರೆ ಒಮ್ಮೆ ಅರ್ಥವಾದ ವಿಷಯಕ್ಕೆ ಎರಡನೆಯ ಹೆಸರು ಕಲಿಯಲು ಒಂದು ದಿನ ಸಾಕು. ಅರ್ಥವಾಗದ ವಿಷಯಕ್ಕೆ ಒಂದೇ ಹೆಸರಿದ್ದರೂ ಫಲವಿಲ್ಲ. ಎರಡನೆಯ ಆಕ್ಷೇಪ, ಇದು ಶಾಲೆಯ ಕೆಲಸ, ಸಂಘದ್ದಲ್ಲ ಎಂಬುದು. ಮುಂಬಯಿ ಮಹಾನಗರಪಾಲಿಕೆ ಇಂದಿಗೂ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಶಾಲೆಗಳನ್ನು ನಡೆಸುತ್ತಿದೆ. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಬಾಲಭಾರತಿ ಸಂಸ್ಥೆ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಕಾಸರಗೋಡುಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಇವುಗಳಿಗೆ ನಾವು ಋಣಿಗಳು. ಆದರೆ ಮಹಾನಗರಗಳಲ್ಲಿ ಆ ಶಾಲೆಗಳಿಗೆ ಮಕ್ಕಳನ್ನು ಕಳಿಸುವುದನ್ನು ನಿಲ್ಲಿಸಿದವರು ನಾವೇ. ಆದ್ದರಿಂದ ಶಾಲೆ ಮಾಡುತ್ತಿದ್ದ ಕೆಲಸದ ಒಂದಂಶವನ್ನಾದರೂ ಮನೆ ಮತ್ತು ಸಂಘ ಹೊರಬೇಕಾಗುತ್ತದೆ.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ಮೊಬೈಲು ಕ್ಷಣಮಾತ್ರದಲ್ಲಿ ಯಾವ ಸಂಖ್ಯೆಯ ಅಪವರ್ತನವನ್ನಾದರೂ ಹೇಳುವ ಈ ಕಾಲದಲ್ಲಿ ಮಕ್ಕಳಿಂದ ಇದನ್ನೆಲ್ಲ ಮಾಡಿಸುವುದೇಕೆ? 'ಯಾವ ಸಂಖ್ಯೆಯನ್ನಾದರೂ' ಎಂಬ ಆ ಮಾತೇ ತಪ್ಪು. ಎರಡು ಭಾರೀ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಯಂತ್ರಕ್ಕೆ ಸುಲಭ. ಗುಣಲಬ್ಧವನ್ನು ಮಾತ್ರ ಕೊಟ್ಟು ಆ ಎರಡನ್ನು ಹುಡುಕೆಂದರೆ ಇಂದಿನ ಅತಿ ವೇಗದ ಗಣಕಯಂತ್ರಗಳೂ ಸೋಲುತ್ತವೆ. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ರೂಪಿಸಿದ ಗುಪ್ತಲಿಪಿ ನಿಂತಿರುವುದು ಈ ಕಷ್ಟದ ಮೇಲೆಯೇ. ಅಂತರಜಾಲದ ವ್ಯವಹಾರಗಳನ್ನು ಕಾಯುವ ಪ್ರಮುಖ ವಿಧಾನಗಳಲ್ಲಿ ಅದೂ ಒಂದು. ಒಂದು ಸಂಖ್ಯೆ ಅವಿಭಾಜ್ಯವೇ ಎಂದು ದಕ್ಷವಾಗಿ ನಿರ್ಣಯಿಸುವ ಖಚಿತ ವಿಧಾನವನ್ನು 2002ರಲ್ಲಿ ಕಾನ್ಪುರದ ಐ.ಐ.ಟಿ.ಯ ಅಗರವಾಲ್, ಕಯಾಲ್, ಸಕ್ಸೇನಾ ಎಂಬ ಮೂವರು ಕಂಡುಹಿಡಿದರು. 2024ರ ಅಕ್ಟೋಬರಿನಲ್ಲಿ ಪ್ರಕಟವಾದ ಒಂದು ಅವಿಭಾಜ್ಯ ಸಂಖ್ಯೆಯಲ್ಲಿ ನಾಲ್ಕು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು ಅಂಕಿಗಳಿವೆ. ಕ್ರಿಸ್ತಪೂರ್ವ 300ರ ಸುಮಾರಿಗೇ ಯೂಕ್ಲಿಡನು ಇವುಗಳಿಗೆ ಕೊನೆಯಿಲ್ಲವೆಂದು ಸಾಧಿಸಿದ್ದನು. ಆರನೆಯ ತರಗತಿಯ ಮಗು ಸುತ್ತು ಹಾಕುವ ಆ ಸಣ್ಣ ಸಂಖ್ಯೆಗಳು ಇನ್ನೂ ಮುಗಿಯದ ಅನ್ವೇಷಣೆಯೊಂದರ ಬಾಗಿಲಲ್ಲಿವೆ.

ನೂರರ ವರೆಗಿನ ಅವಿಭಾಜ್ಯಗಳನ್ನು ಎರಟೋಸ್ತನೀಸನ ಜರಡಿಯಿಂದ ಸೋಸುವಾಗ 2, 3, 5, 7 ಇವುಗಳ ಅಪವರ್ತ್ಯಗಳನ್ನು ತೆಗೆದರೆ ಸಾಕು, 25 ಸಂಖ್ಯೆಗಳು ಉಳಿಯುತ್ತವೆ. ಹನ್ನೊಂದರಿಂದ ಏಕೆ ಸೋಸಬೇಕಾಗಿಲ್ಲ? ಹನ್ನೊಂದು ಹನ್ನೊಂದಲೇ ನೂರಿಪ್ಪತ್ತೊಂದು, ಅದು ನೂರನ್ನು ದಾಟಿತು. ಅದಕ್ಕಿಂತ ಚಿಕ್ಕದಾದ ಹನ್ನೊಂದರ ಅಪವರ್ತ್ಯಗಳೆಲ್ಲ ಇನ್ನೊಂದು ಚಿಕ್ಕ ಸಂಖ್ಯೆಯ ಜರಡಿಯಲ್ಲಿ ಆಗಲೇ ಹೋಗಿವೆ. ಈ ಎರಡು ವಾಕ್ಯಗಳನ್ನು ಒಂದು ಮಗು ತನ್ನ ತಾಯಿಗೆ ಕನ್ನಡದಲ್ಲಿ ವಿವರಿಸಿ ಹೇಳಿದರೆ, ಆ ಮನೆಯಲ್ಲಿ ಕನ್ನಡ ಬದುಕಿದೆ ಎಂದು ನಾನು ನಂಬುತ್ತೇನೆ. ಕಾರಣವನ್ನು ಹೇಳಲು, ಎದುರಾಡಲು, ಒಪ್ಪಿಸಲು ಬಳಕೆಯಾದ ಭಾಷೆಯನ್ನು ಮಗು ದೊಡ್ಡದಾದ ಮೇಲೂ ಬಿಡುವುದಿಲ್ಲ.

ಆದ್ದರಿಂದ ನಮ್ಮ ಸಂಘಗಳ ಕಾರ್ಯಕಾರಿ ಸಮಿತಿಗಳ ಮುಂದೆ ಒಂದು ಖಚಿತ ಸಲಹೆಯನ್ನು ಇಡಬಯಸುತ್ತೇನೆ. ವಾರಾಂತ್ಯದಲ್ಲಿ ನಡೆಯುವ ಕನ್ನಡ ತರಗತಿಗಳಲ್ಲಿ ಅಕ್ಷರಮಾಲೆ, ಹಾಡು, ಕಥೆಗಳ ಜತೆಗೆ ಅರ್ಧ ಗಂಟೆಯನ್ನು ಬಾಯಿಲೆಕ್ಕಕ್ಕೆ ಮೀಸಲಿಡಬೇಕು. ಮೊದಲ ವರ್ಷ ಇಪ್ಪತ್ತರ ವರೆಗಿನ ಮಗ್ಗಿ, ಇಡ್ಲಿ ವಡೆಯ ಆಟ, ಚುಕ್ಕಿಗಳ ಜೋಡಣೆ, ಅಪವರ್ತನ ಮತ್ತು ಅವಿಭಾಜ್ಯಗಳು, ಇಷ್ಟೇ ಸಾಕು. ಕಲಿಸಲು ಪಗಾರದ ಶಿಕ್ಷಕರು ಬೇಕಾಗಿಲ್ಲ. ನಿವೃತ್ತರಾದ ಬ್ಯಾಂಕ್ ನೌಕರರು, ಲೆಕ್ಕಪರಿಶೋಧಕರು, ಅಧ್ಯಾಪಕರು ಪ್ರತಿಯೊಂದು ಸಂಘದಲ್ಲಿಯೂ ಹತ್ತಾರು ಮಂದಿ ಇದ್ದಾರೆ, ಮತ್ತು ಅವರಲ್ಲಿ ಬಹುಮಂದಿ ಕನ್ನಡದಲ್ಲಿಯೇ ಮಗ್ಗಿ ಕಲಿತವರು. ಕನ್ನಡ, ಇಂಗ್ಲಿಷ್ ಮತ್ತು ಆಯಾ ರಾಜ್ಯದ ಭಾಷೆಯ ಗಣಿತಪದಗಳನ್ನು ಅಕ್ಕಪಕ್ಕದಲ್ಲಿಟ್ಟ ನಾಲ್ಕು ಪುಟದ ಒಂದು ಕೈಪಿಡಿಯನ್ನು ಸಂಘಗಳು ಕೂಡಿ ಅಚ್ಚುಹಾಕಿಸಬಹುದು. ನವೆಂಬರಿನ ಸ್ಪರ್ಧೆಗಳ ಪಟ್ಟಿಯಲ್ಲಿ ಭಾಷಣ, ಗಾಯನ, ರಂಗೋಲಿಗಳ ಕೆಳಗೆ ಕನ್ನಡ ಬಾಯಿಲೆಕ್ಕ ಎಂಬ ಇನ್ನೊಂದು ಸಾಲು ಸೇರಲಿ. ಅದಕ್ಕೆ ಯಾವ ಸರಕಾರದ ಅನುದಾನವೂ ಬೇಕಾಗಿಲ್ಲ. ಮುಂದಿನ ಸಮಿತಿ ಸಭೆಯಲ್ಲಿ ಒಂದು ಠರಾವು ಸಾಕು.